ವೈರಿನ ಚಪ್ಪಲಿ

ಒಂದು ರಬ್ಬರ್ ಉಂಗುರ ಹಾಕಲಿಲ್ಲ. ನಾನು ಮಾಡದೆ ಬಿಟ್ಟ ಕೆಲಸ ಅಷ್ಟೇ; ಕೇಳಿದರೆ ನೀವು ನಗಬಹುದು. ಇವತ್ತು ಬೆಳಿಗ್ಗೆ ನನ್ನ ಹವಾಯಿ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಎಸೆಯಲು ಹೋದ ಕೈ ತಾನಾಗಿ ಕತ್ತರಿ ಹುಡುಕಿತು, ಅದರ ಹಿಂದೆಯೇ ಆ ಉಂಗುರವೂ ನೆನಪಾಯಿತು.

ಅರಸೀಕೆರೆಯ ಬಸ್ ನಿಲ್ದಾಣದ ಹಿಂದೆ ಅಣ್ಣನದು ಗಾಡಿಗಳ ವೈರಿಂಗ್ ಮಾಡುವ ತಗಡಿನ ಅಂಗಡಿ. ಏಳನೇ ಕ್ಲಾಸಿಗೆ ಓದು ಬಿಟ್ಟು ಮನೆಯಲ್ಲಿ ಕೂತಿದ್ದ ನನ್ನನ್ನು ಅವನು ಕೆಲಸಕ್ಕೆ ಕರೆದುಕೊಂಡ. ಹೆಣ್ಣುಮಗಳು ಜೀಪಿನಡಿ ಮಲಗುವುದೇ ಎಂದವರಿಗೆ, "ಕರೆಂಟಿಗೆ ಗಂಡು ಹೆಣ್ಣು ಗೊತ್ತಾಗಲ್ಲ ಕಣ್ರೀ" ಎನ್ನುತ್ತಿದ್ದ.

ತಗಡಿನ ತೂತಿನಲ್ಲಿ ವೈರು ಹಾಯುವ ಕಡೆಯೆಲ್ಲ ಹಳೇ ಚಪ್ಪಲಿಯಿಂದ ಕತ್ತರಿಸಿದ ಉಂಗುರ ಇಡಬೇಕು ಎನ್ನುವುದು ಅವನ ಕಟ್ಟಳೆ. ಗಾಡಿ ಅಲುಗಿದಂತೆಲ್ಲ ತಗಡಿನ ಅಂಚು ವೈರನ್ನು ಕೊರೆಯುತ್ತದೆ. "ನೀನು ಬರಿಗಾಲಲ್ಲಿ ಜಲ್ಲಿ ಮೇಲೆ ಓಡಾಡ್ತೀಯಾ? ಅದಕ್ಕೂ ಚಪ್ಪಲಿ ಬೇಕು ಕಣೇ."

ಅರೇಹಳ್ಳಿಯ ಜೀಪೊಂದು ಮಂಜಿಗೆಂದು ಎರಡು ಹಳದಿ ಲೈಟು ಹಾಕಿಸಲು ಬಂತು. ಅಣ್ಣ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಕೂರಿಸಿ, ಉಳಿದ ವೈರು ಎಳೆಯಲು ನನಗೆ ಹೇಳಿ, ಬಾಣಾವರದಲ್ಲಿ ಕೆಟ್ಟು ನಿಂತ ಲಾರಿ ನೋಡಲು ಹೋದ. ಕತ್ತರಿಸಿಟ್ಟ ಉಂಗುರ ತೂತಿಗೆ ಹಿಡಿಸಲಿಲ್ಲ. ಇನ್ನೊಂದು ಕತ್ತರಿಸಬೇಕಿತ್ತು. ಗೆಳತಿಯರ ಜೊತೆ ನಾನು ಹಳೇಬೀಡಿಗೆ ಹೋಗಬೇಕಿದ್ದ ಬಸ್ಸು ಆಚೆ ಹಾರನ್ ಹೊಡೆಯುತ್ತಿತ್ತು. ಉಂಗುರವಿಲ್ಲದೆ ವೈರು ತೂರಿಸಿದೆ. ಲೈಟು ಚೆನ್ನಾಗಿಯೇ ಉರಿಯಿತು. ಹಳೇಬೀಡಿನಲ್ಲಿ ನಾನು ಕಲ್ಲಿನ ಆನೆಗಳಿಗಿಂತ ಐಸ್‌ಕ್ಯಾಂಡಿಯವನನ್ನೇ ಹೆಚ್ಚು ನೋಡಿದೆನೆನ್ನುವುದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಸಂಜೆ ಅಣ್ಣ ಕೇಳಿದ, "ಚಪ್ಪಲಿ ಹಾಕಿದ್ಯಾ?"

"ಹೂಂ ಅಣ್ಣ, ಹಾಕಿವ್ನಿ."

ಕೆಲವು ವಾರಗಳ ಮೇಲೆ ಜೀಪಿನ ಡ್ರೈವರ್ ಬಂದ. ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. "ಏನ್ರೀ ನಿಮ್ ಕೆಲ್ಸ? ಬೇಲೂರು ದಾಟಿದ್ಮೇಲೆ ಮಂಜಲ್ಲಿ ಎರಡೂ ಲೈಟು ಪಕ್ ಅಂತ ಹೋದ್ವು. ಎದ್ರಿಗೆ ಬಸ್ಸು. ಹೆಂಗೋ ಉಳ್ಕೊಂಡೆ."

ಅಣ್ಣ ಬಾನೆಟ್ ಎತ್ತಿದ. ವೈರಿನ ಸಿಪ್ಪೆ ಸವೆದು ತಾಮ್ರ ತಗಡಿಗೆ ತಾಗಿತ್ತು. ಫ್ಯೂಸು ಸುಟ್ಟುಹೋಗಿತ್ತು; ಅದು ಸುಟ್ಟುಹೋದದ್ದರಿಂದಲೇ ಜೀಪಿಗೆ ಬೆಂಕಿ ಹತ್ತಲಿಲ್ಲ. ಅಣ್ಣ ಆ ತೂತಿನ ಸುತ್ತ ಬೆರಳಾಡಿಸಿದ. ನನ್ನ ಕಡೆ ನೋಡಲಿಲ್ಲ.

"ತಪ್ಪು ನಂದೇ ಸ್ವಾಮಿ. ಅವಸರದಲ್ಲಿ ಬಿಟ್ಬಿಟ್ಟಿವ್ನಿ" ಎಂದ ಅಣ್ಣ.

ಡ್ರೈವರ್ ಅವನನ್ನು ಬೈಯುತ್ತಲೇ ಇದ್ದ; ನಾನು ನೆಲದಲ್ಲಿ ಬಿದ್ದ ವೈರಿನ ಚೂರುಗಳನ್ನು ಆರಿಸತೊಡಗಿದೆ. ಆಮೇಲೆ ಅರೇಹಳ್ಳಿ ಕಡೆಯ ಗಾಡಿಗಳು ನಮ್ಮಲ್ಲಿಗೆ ಬರಲಿಲ್ಲ.

ಮರುದಿನ ಅವನು ನನ್ನನ್ನು ಮನೆಗೆ ಅಟ್ಟುತ್ತಾನೆಂದುಕೊಂಡಿದ್ದೆ. ಅವನು ಒಂದು ಟೆಂಪೋ ತೋರಿಸಿ, ಟೆಸ್ಟರನ್ನು ಕೈಗಿಟ್ಟು, "ಇದು ಪೂರ್ತಿ ನಿಂದು" ಎಂದ. ನಾನು ಇವತ್ತು ತಿನ್ನುವ ಅನ್ನ ಆ ಟೆಂಪೋದಿಂದ ಶುರುವಾದದ್ದು. ಈಗ ಅಂಗಡಿ ನಡೆಸುವವಳು ನಾನೇ. ಕಣ್ಣು ಮಸುಕಾಗಿರುವ ಅಣ್ಣ ಬೆಂಚಿನ ಮೇಲೆ ಕೂತು ಸದ್ದಿನಲ್ಲೇ ನನ್ನ ಕೆಲಸ ಅಳೆಯುತ್ತಾನೆ.

ಇವತ್ತು ಬೆಳಿಗ್ಗೆ ಕಿತ್ತುಹೋದ ಚಪ್ಪಲಿಯಿಂದ ಕತ್ತರಿಸಿದ ಉಂಗುರವನ್ನು ಒಂದು ಪಿಕಪ್ಪಿನ ತೂತಿಗೆ ಕೂರಿಸುತ್ತಿದ್ದೆ. ಬೆಂಚಿನಿಂದ ಅದೇ ಪ್ರಶ್ನೆ ಬಂತು.

"ಚಪ್ಪಲಿ ಹಾಕಿದ್ಯಾ?"

ಅವನನ್ನು ಕೈಹಿಡಿದು ಕರೆತಂದು, ಬೆರಳನ್ನು ಉಂಗುರದ ಮೇಲಿಟ್ಟೆ.

"ಇದಕ್ಕೆ ಹಾಕಿವ್ನಿ ಅಣ್ಣ. ಅವತ್ತು ಆ ಜೀಪಿಗೆ ಹಾಕಿರ್ಲಿಲ್ಲ. ಸುಳ್ಳು ಹೇಳ್ದೆ. ನೀನು ಬೈಸ್ಕೊಳ್ವಾಗ್ಲೂ ಬಾಯಿ ಬಿಡ್ಲಿಲ್ಲ. ತಪ್ಪಾಯ್ತು ಕಣಣ್ಣ."