ಲಡಾಖಿನಲ್ಲಿ ಅವ್ವ ಬಡಿದ ಬಾರ್ಲಿ ರೊಟ್ಟಿ

ಇವತ್ತು ನಾವೀಗ ಇರುವ ವಾಕಡದ ಗಿರಣಿಯಲ್ಲಿ ಯಾರೋ ಹುರಿದ ಬಾರ್ಲಿ ಬೀಸಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಲಡಾಖಿನ ಹಳ್ಳಿಯೊಂದರ ಹುಡುಗಿಯಾದೆ.

ಅಪ್ಪ ಅಲ್ಲಿ ರಸ್ತೆ ಕೆಲಸದ ಲಾರಿ ಓಡಿಸುತ್ತಿದ್ದರು. ಆ ವರ್ಷ ಹಿಮ ಬೇಗ ಬಿದ್ದು ದಾರಿ ಮುಚ್ಚಿತು, ರೇಶನ್ ಬರಲಿಲ್ಲ. ಧಾರವಾಡದಿಂದ ತಂದ ಜೋಳದ ಹಿಟ್ಟು ಮುಗಿದ ದಿನ ಅವ್ವ ಖಾಲಿ ಡಬ್ಬಿಯ ಮುಂದೆ ಕೂತು ಅತ್ತಳು.

ಪಕ್ಕದ ಮನೆಯ ಅಜ್ಜಿಯನ್ನು ಅಲ್ಲಿಯವರಂತೆ ನಾವೂ ಅಬಿ ಎನ್ನುತ್ತಿದ್ದೆವು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಒಣಗಿಸಿಟ್ಟ ಸೊಪ್ಪು, ತಮ್ಮ ಹೊಲದ ಬಾರ್ಲಿ ಹಿಟ್ಟು ಹೊತ್ತು ಅವರು ಬಂದರು. "ಇಲ್ಲಿ ಚಳಿಗಾಲದಲ್ಲಿ ಯಾರೂ ಉಪವಾಸ ಇರೋದಿಲ್ಲ," ಎಂದು ಹರಕು ಹಿಂದಿಯಲ್ಲಿ ಹೇಳಿದರು.

ಅವ್ವ ಕಣ್ಣೊರೆಸಿಕೊಂಡು ಎಸರಿಟ್ಟಳು. ಮೊದಲ ರೊಟ್ಟಿ ಹರಿಯಿತು, ಮುಂದಿನದೂ ಹರಿಯಿತು. "ಜ್ವಾಳದ್ದ ಬಡದೀನಿ, ಇದೇನ್ ಮಹಾ!" ಎಂದು ಇನ್ನಷ್ಟು ಬಿಸಿನೀರು ಹಾಕಿ, ಗಸಗಸ ನಾದಿ, ಮತ್ತೆ ಬಡಿದಳು. ಈ ಸಲ ರೊಟ್ಟಿ ಪೂರಿಯಂತೆ ಉಬ್ಬಿತು. ಅಬಿ ಚಪ್ಪಾಳೆ ತಟ್ಟಿ ನಕ್ಕರು. ಆಮೇಲೆ ಓಣಿಯ ಹೆಂಗಸರೆಲ್ಲ ನಮ್ಮ ಒಲೆಯ ಸುತ್ತ ಕೂತು ರೊಟ್ಟಿ ಬಡಿಯಲು ಕಲಿತರು.

ಕೊನೆಗೆ ದಾರಿ ತೆರೆಯಿತು. ಅಪ್ಪ ಜೋಳದ ಹಿಟ್ಟಿನ ಚೀಲ ಇಳಿಸಿದಾಗ ಅವ್ವ ತಲೆಯೆತ್ತಿ ಅಂದಳು: "ಇರ್ಲಿ ಬಿಡ್ರಿ, ಮದಲ ನಮ್ಮ ಬಾರ್ಲಿ ಮುಗೀಲಿ."

ಇದನ್ನು ಬರೆಯುತ್ತಿರುವಾಗಲೇ ಒಳಗಿಂದ ಅವ್ವನ ದನಿ: "ಫೋನ್ ಇಡ, ಊಟಕ್ಕ ಬಾ!"