ಹೆಸರು ಕಳಚಿದ ಎರಡು ಗ್ರಾಫ್‌ಗಳು

ಚೆನ್ನೈಯ ತ್ರಿಪ್ಲಿಕೇನಿನ ಮೆಸ್ಸೊಂದರ ಮಹಡಿಯಲ್ಲಿ ಆಕೆ ಪ್ರಬಂಧಗಳನ್ನು ಟೈಪ್ ಮಾಡಿ ಜೋಡಿಸಿಕೊಡುತ್ತಿದ್ದರು. ಕನ್ನಡದವರೇ, ಮಾತು ಮಾತ್ರ ಅರ್ಧ ತಮಿಳು. ಯಾರು ಎಷ್ಟು ಗಾಬರಿಯಲ್ಲಿ ಬಂದರೂ ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡು ಒಂದೇ ಮಾತು: "ಎಂಗೇಯೂ ಪೋಗಾದು ಸಾರ್, ಇಲ್ಲೇ ಇರತ್ತೆ."

ಮಳೆನೀರಿನ ಬಗ್ಗೆ ನಾನು ಬರೆದ ಮುನ್ನೂರು ಪುಟಗಳನ್ನು ಮರುದಿನವೇ ಒಪ್ಪಿಸಬೇಕಿತ್ತು. ನಡುವೆ ಒಂದು ಪ್ಯಾರಾ ಸೇರಿಸಿದ್ದೇ ತಪ್ಪಾಯಿತು. ಗ್ರಾಫ್‌ಗಳೆಲ್ಲ ಜಾಗ ಬಿಟ್ಟು ಎದ್ದವು, ಯಾವುದರದೋ ಶೀರ್ಷಿಕೆ ಇನ್ಯಾವುದರದೋ ಕೆಳಗೆ ಕೂತಿತು.

ಆಕೆ ಗ್ರಾಫ್‌ಗಳನ್ನಷ್ಟೇ ಪ್ರಿಂಟ್ ತೆಗೆದು ನೆಲದ ಮೇಲೆ ಹಾಸಿದರು. ನಾನು ಒಂದೊಂದರ ಹೆಸರು ಹೇಳುತ್ತಾ ಹೋದೆ. ಕೊನೆಗೆ ಎರಡು ಉಳಿದವು, ನೆರೆ ಬಂದಾಗ ಬಡಾವಣೆಯಲ್ಲಿ ನೀರು ದಿನದಿನಕ್ಕೆ ಎಷ್ಟು ನಿಂತಿತ್ತೆಂದು ತೋರಿಸುವಂಥವು: ಒಂದು ವೇಲಚೇರಿಯದು, ಇನ್ನೊಂದು ಸೌಕಾರ್‌ಪೇಟೆಯದು. ಯಾವುದು ಯಾವುದು? ಎರಡನ್ನೂ ಮಾಡಿದವನು ನಾನೇ; ನೋಡಿದಷ್ಟೂ ತಲೆ ಕೆಟ್ಟುಹೋಯಿತು.

ಆಕೆ ಬಗ್ಗಿ, ಮೇಲೇರಿ ಬಹಳ ದೂರ ಹಾಗೇ ಸಾಗಿದ ಒಂದು ಗೆರೆಯ ಮೇಲೆ ಬೆರಳಾಡಿಸಿದರು.

"ಇದು ವೇಲಚೇರಿ ಸಾರ್."

"ನಿಮಗೆ ಹೇಗೆ ಗೊತ್ತಾಯ್ತು?"

"ನಮ್ಮನೆ ಅಲ್ಲೇ ಇರೋದು. ಮೂರು ದಿನ ತಾರಸಿ ಮೇಲೆ ಕೂತು ನೋಡ್ತಾನೇ ಇದ್ವಿ. ಇಳೀಲೇ ಇಲ್ಲ."