ಅರ್ಧ ಕಿಲೋ ಬಟಾಣಿಯ ಪ್ರಸಂಗ

ನಮ್ಮನೆಯವರ ಪ್ರಸಂಗವನ್ನು ನಾನು ನಿಮಿಷದಲ್ಲಿ ಅಳೆಯುವುದಿಲ್ಲ, ಬಟಾಣಿಯಲ್ಲಿ ಅಳೆಯುತ್ತೇನೆ. ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಇವರು ಖಾಲಿ ಚರ್ಚಿನ ಪೀಠದ ಮೇಲೆ ನಿಂತು ಮರುದಿನದ ಪ್ರಸಂಗವನ್ನು ಪೂರ್ತಿ ಹೇಳುತ್ತಾರೆ. ನಾನು ಕಟ್ಟಕಡೆಯ ಬೆಂಚಿನಲ್ಲಿ ಮಡಿಲಿಗೆ ಪಾತ್ರೆ ಇಟ್ಟುಕೊಂಡು ಬಟಾಣಿ ಸುಲಿಯುತ್ತ ಕೂರುತ್ತೇನೆ. ಅರ್ಧ ಕಿಲೋ ಮುಗಿಯುವಷ್ಟರಲ್ಲಿ ಆಮೆನ್ ಬಂದರೆ ಸರಿ. ಮುಕ್ಕಾಲು ಕಿಲೋ ಆದರೆ ಭಾನುವಾರ ಹಿಂದಿನ ಸಾಲು ಆಕಳಿಸುತ್ತದೆ. ಒಂದು ಕಿಲೋ ದಾಟಿದರೆ ಸಭೆಯನ್ನು ದೇವರೇ ಕಾಪಾಡಬೇಕು. ಬಟಾಣಿ ಸಿಗದ ತಿಂಗಳುಗಳಲ್ಲಿ ಬೆಳ್ಳುಳ್ಳಿ ಬಿಡಿಸುತ್ತೇನೆ. ಆಗ ನನ್ನ ಟೀಕೆಯೂ ಖಾರವಾಗಿರುತ್ತದೆ ಎಂದು ಇವರ ದೂರು.

ಈ ಪದ್ಧತಿ ಸುಮ್ಮನೆ ಬಂದದ್ದಲ್ಲ. ಇಪ್ಪತ್ತಾರು ವರ್ಷದ ಹಿಂದೆ, ಹೊಸ ಪಾದ್ರಿಯಾಗಿ ಇವರು ಮಾಡಿದ ಮೊದಲ ಪ್ರಸಂಗ ಐವತ್ತೈದು ನಿಮಿಷ ಎಳೆಯಿತು. ಎರಡನೇ ಸಾಲಿನ ಅಜ್ಜಿಯೊಬ್ಬರು ಕುಳಿತಲ್ಲೇ ನಿದ್ದೆ ಹೋಗಿ, ಮೆಲ್ಲಗೆ ಜಾರಿ, ಪಕ್ಕದವರ ತೊಡೆಯ ಮೇಲೆ ಮಲಗಿದರು. ಅಜ್ಜಿ ಭಕ್ತಿಯಲ್ಲಿ ತಲೆಬಾಗಿದ್ದಾರೆಂದೇ ಇವರು ನಂಬಿದ್ದರು. ನಿಜ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಂದಿನಿಂದ ಅದು ನನ್ನದೇ.

ಇವರ ವಾರ ಹೀಗೆ ಸಾಗುತ್ತದೆ. ಸೋಮವಾರ ಆ ವಾರದ ವಾಕ್ಯಭಾಗವನ್ನು ಮನೆಯಲ್ಲಿ ಓಡಾಡುತ್ತ ಗಟ್ಟಿಯಾಗಿ ಓದುತ್ತಾರೆ, ಹತ್ತಾರು ಸಲ. ಮಂಗಳವಾರದಿಂದ ಗುರುವಾರದವರೆಗೆ ಸಭೆಯವರ ಮನೆಮನೆಗೆ ಹೋಗುತ್ತಾರೆ. ಕೇಳಿದ್ದು, ಕಂಡದ್ದು, ಹೊಳೆದದ್ದನ್ನೆಲ್ಲ ಚೀಟಿಗಳಲ್ಲಿ ಗೀಚಿ ಜೇಬಿಗೆ ತುರುಕುತ್ತಾರೆ. ಬಟ್ಟೆ ಒಗೆಯುವ ಮುಂಚೆ ಆ ಜೇಬುಗಳನ್ನು ಖಾಲಿ ಮಾಡುವವಳು ನಾನು. ಒಮ್ಮೆ ಮರೆತು ಒಂದಿಡೀ ಪ್ರಸಂಗ ನೊರೆಯ ಜೊತೆ ಮೋರಿ ಸೇರಿತ್ತು. ಶುಕ್ರವಾರ ಕಿಟಕಿಯ ಬಳಿಯ ಮೇಜಿಗೆ ಕೂತು, ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಶನಿವಾರ ನನ್ನ ಪರೀಕ್ಷೆ. ನಾನು ಬಟಾಣಿಯನ್ನು ಟಪಟಪನೆ ಪಾತ್ರೆಗೆ ಎಸೆದರೆ ಆ ಭಾಗ ಹೊಡೆದುಹಾಕಬೇಕು. ಕೈ ನಿಂತರೆ ಅದು ಮನಸ್ಸಿಗೆ ತಾಕಿದೆ ಎಂದರ್ಥ. ನನ್ನ ಕೈ ನಿಲ್ಲಿಸಲು ಈ ಮನುಷ್ಯ ಇಪ್ಪತ್ತಾರು ವರ್ಷದಿಂದ ಹೆಣಗುತ್ತಿದ್ದಾರೆ.

ಆ ಶನಿವಾರ ನನ್ನ ಕೈ ನಿಂತಿತ್ತು. ಅದೇ ಎಡವಟ್ಟಾಯಿತು.

ರಾಜಿಯಾಗುವುದರ ಬಗ್ಗೆ ಪ್ರಸಂಗ. ನಡುವೆ ಇವರು ಒಂದು ಕಥೆ ಹೇಳಿದರು. ಒಬ್ಬ ಮನುಷ್ಯ, ಅವನ ಅಣ್ಣ. ತಂದೆ ತೀರಿಕೊಂಡಾಗ ಸೈಕಲ್ಲು ಅಣ್ಣನ ಪಾಲಾಯಿತು, ಎಣ್ಣೆ ಬಿಡುವ ಪುಟ್ಟ ಡಬ್ಬಿ ಮಾತ್ರ ಇವನಿಗೆ ಉಳಿಯಿತು. ಅಂದಿನಿಂದ ಅಣ್ಣನ ಮನೆ ಇರುವ ಬೀದಿಗೇ ಕಾಲಿಡದೆ, ಹದಿನೈದು ವರ್ಷ ಇವನು ಸುತ್ತುದಾರಿ ಹಿಡಿದು ಓಡಾಡಿದ. ಬೀದಿಯ ತಿರುವಿನಲ್ಲಿ ಅವನು ಕತ್ತು ಉದ್ದ ಮಾಡಿ ಇಣುಕುವುದನ್ನು ಇವರು ಪೀಠದ ಮೇಲೆ ಮಾಡಿ ತೋರಿಸಿದರು. ನಾನು ಬಟಾಣಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಇದಿರಲಿ ತಾನೇ?" ಎಂದು ಇವರು ಪೀಠದಿಂದಲೇ ಕೇಳಿದರು.

"ಇರ್ಲಿ ರೀ. ಬೇಕಾದ್ರೆ ಬೇರೆಲ್ಲ ತೆಗೀರಿ" ಎಂದೆ.

ಭಾನುವಾರ ಸಭೆಯೂ ನಕ್ಕಿತು. ನಗುತ್ತ ನಗುತ್ತ ತಲೆಗಳು ಒಂದೊಂದಾಗಿ ಮೂರನೇ ಬೆಂಚಿನ ಕಡೆ ತಿರುಗಿದವು. ಅಲ್ಲಿ ಕೂತಿದ್ದವರು ಗಡಿಯಾರದಣ್ಣ, ಗಡಿಯಾರ ರಿಪೇರಿ ಅಂಗಡಿಯವರು. ಚರ್ಚಿಗೆ ನೇರ ದಾರಿ ಬಿಟ್ಟು, ಅಂಚೆ ಕಚೇರಿ ಬಳಸಿ, ಶಾಲೆಯ ಮೈದಾನ ಸುತ್ತಿ ಬರುವವರು ಅವರೊಬ್ಬರೇ ಎಂಬುದು ಎಲ್ಲರಿಗೂ ಗೊತ್ತು. ಯಾಕೆ ಎಂಬುದು ಗೊತ್ತಿರಲಿಲ್ಲ, ಅಷ್ಟೆ. ಆ ಯಾಕೆಯನ್ನು ಗಡಿಯಾರದಣ್ಣ ತಮ್ಮ ಮನೆಯಲ್ಲಿ, ಬಾಗಿಲು ಮುಂದೆ ಮಾಡಿ, ಇವರೊಬ್ಬರಿಗೇ ಹೇಳಿಕೊಂಡಿದ್ದರು. ಇವರು ಅಕ್ಕನನ್ನು ಅಣ್ಣ ಮಾಡಿದ್ದರು, ಅಮ್ಮನ ಹೊಲಿಗೆ ಯಂತ್ರವನ್ನು ಸೈಕಲ್ ಮಾಡಿದ್ದರು, ಹನ್ನೊಂದು ವರ್ಷವನ್ನು ಹದಿನೈದು ಮಾಡಿದ್ದರು. ಇಷ್ಟೆಲ್ಲ ಮರೆಮಾಚಿದ ಜಾಣರು ಆ ಸುತ್ತುದಾರಿಯೊಂದನ್ನು ಹಾಗೇ ಬಿಟ್ಟಿದ್ದರು. ನಗೆ ಇದ್ದದ್ದೇ ಅದರಲ್ಲಿ!

ಗಡಿಯಾರದಣ್ಣ ಕೊನೆಯವರೆಗೂ ನೆಟ್ಟಗೆ ಕೂತರು. ಆರಾಧನೆ ಮುಗಿದ ಮೇಲೆ ಇವರ ಕೈ ಕುಲುಕದೆ ಪಕ್ಕದ ಬಾಗಿಲಿನಿಂದ ಹೊರಟುಹೋದರು. ಮುಂದಿನ ಭಾನುವಾರ ಮೂರನೇ ಬೆಂಚಿನ ಮೂಲೆ ಖಾಲಿ.

ಅಷ್ಟೇ ಆಗಿದ್ದರೆ ಬೇರೆ ಮಾತು. ಆ ವಾರ ಇವರು ಹೋದ ಮನೆಗಳಲ್ಲೆಲ್ಲ ಜನ ಹವಾಮಾನದ ಬಗ್ಗೆ ಮಾತಾಡಿದರು. ದಾದಿಯಾಗಿದ್ದ ಒಬ್ಬ ಹೆಂಗಸು ಅಳುತ್ತಿದ್ದವರು ಇವರನ್ನು ಕಂಡು ಕಣ್ಣೊರೆಸಿಕೊಂಡು, "ಈರುಳ್ಳಿ ಹೆಚ್ತಿದ್ದೆ ಅಯ್ಯನವರೇ" ಎಂದರಂತೆ. ಮನೆಯಲ್ಲಿ ಈರುಳ್ಳಿಯ ವಾಸನೆಯೇ ಇರಲಿಲ್ಲವಂತೆ. ಇವರು ಮನೆಗೆ ಬಂದು ಖಾಲಿ ಜೇಬು ತೋರಿಸಿದರು. "ಇನ್ನು ನನ್ನ ಹತ್ರ ಯಾರೂ ಮನಸ್ಸು ಬಿಚ್ಚಲ್ಲ ಕಣೇ. ಬಿಚ್ಚದೇ ಇದ್ರೆ ನಾನು ಯಾತರ ಪಾದ್ರಿ?" ಎಂದರು. ನನಗೆ ಅಯ್ಯೋ ಅನ್ನಿಸಿತು. ಜೊತೆಗೆ ಸಿಟ್ಟೂ ಬಂತು, ಅರ್ಧ ಇವರ ಮೇಲೆ, ಅರ್ಧ ನನ್ನ ಮೇಲೆ.

ಸೋಮವಾರ ಇವರು ಅಂಗಡಿಗೆ ಹೋದರು. ಗಡಿಯಾರದಣ್ಣ ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆ, "ಅಯ್ಯನವರೇ, ನಿಮ್ಮ ವಾಚು ಸರಿಯಾಗೇ ಓಡ್ತಿದೆಯಲ್ಲ" ಎಂದರಂತೆ. ಇವರು ಕ್ಷಮೆ ಕೇಳಿದರು. ಅದಕ್ಕೆ ಅವರು, "ಸಭೆ ಎದುರು ಆಗಿದ್ದಕ್ಕೆ ಅಂಗಡಿ ಮೂಲೇಲಿ ಕ್ಷಮೆ ಕೇಳಿದ್ರೆ ಹೇಗೆ? ಸಭೆ ಎದುರು ಕೇಳಿದ್ರೆ ಮತ್ತೆ ಎಲ್ಲರೂ ನನ್ನ ಕಡೆನೇ ತಿರುಗ್ತಾರೆ. ಅದೂ ಬೇಡ. ನೀವೇ ಯೋಚನೆ ಮಾಡಿ" ಎಂದು ಮತ್ತೆ ಕೆಲಸಕ್ಕೆ ಬಗ್ಗಿದರು.

ನಾಲ್ಕು ದಿನ ಇವರು ಯೋಚಿಸಿದರು. ಕ್ಯಾಲೆಂಡರಿನ ಒಂದು ವರ್ಷವೇ ಬುಟ್ಟಿ ಸೇರಿತು. ಶುಕ್ರವಾರ ನಾನು ಸೆರಗು ಸಿಕ್ಕಿಸಿ ನಾನೇ ಅಂಗಡಿಗೆ ಹೋದೆ.

"ಅಣ್ಣಾ, ಆ ಕಥೆ ಇರ್ಲಿ ಅಂದವಳು ನಾನು. ಕೇಳಿ ನಕ್ಕೋಳೂ ನಾನೇ. ನಾಳೆ ನಾಲ್ಕು ಗಂಟೆಗೆ ಚರ್ಚಿಗೆ ಬನ್ನಿ. ಭಾನುವಾರ ಏನು ಹೇಳ್ತಾರೋ ಅದನ್ನ ನೀವೇ ಮೊದ್ಲು ಕೇಳಿ. ಬೇಡ ಅಂದಿದ್ದನ್ನ ತೆಗೆಸೋದು ನನ್ನ ಜವಾಬ್ದಾರಿ."

ಅವರು ಮಸೂರ ತೆಗೆದು ಗೋಡೆಯ ಗಡಿಯಾರ ನೋಡಿದರು.

ಶನಿವಾರ ನಾಲ್ಕೂ ಹತ್ತಕ್ಕೆ ಪಕ್ಕದ ಬಾಗಿಲು ಕಿರುಗುಟ್ಟಿತು. ಗಡಿಯಾರದಣ್ಣ ನನ್ನ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಸುಮ್ಮನೆ ಕೂರಿಸುವುದು ಹೇಗೆಂದು ಒಂದು ಬೊಗಸೆ ಬಟಾಣಿ ಅವರ ಮುಂದೆ ಸುರಿದೆ. ಎಂಥ ಬೆರಳುಗಳಪ್ಪ! ಸಿಪ್ಪೆ ಹರಿಯದಂತೆ ಸುಲಿದು, ಕಾಳುಗಳನ್ನು ಸಾಲಾಗಿ ಜೋಡಿಸತೊಡಗಿದರು.

ಇವರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಕ್ಷಮೆಯ ಬಗ್ಗೆ ಬಹಳ ಸೊಗಸಾಗಿ ಬರೆದಿದ್ದರು. ಕ್ಷಮಿಸಿದವರಿಗೆ ಸಿಗುವ ನೆಮ್ಮದಿ, ಕ್ಷಮಿಸದವರು ಹೊರುವ ಭಾರ. ಅರ್ಧ ಕಿಲೋ ಮುಗಿಯಿತು. ನನ್ನ ಕೈ ಒಮ್ಮೆಯೂ ನಿಂತಿರಲಿಲ್ಲ.

ಗಡಿಯಾರದಣ್ಣ ಎದ್ದು ನಿಂತರು. "ಅಯ್ಯನವರೇ, ಒಂದು ಮಾತು. ಇದರಲ್ಲಿ ಎಲ್ಲ ಕ್ಷಮಿಸಬೇಕಾದವರ ವಿಷಯವೇ ಇದೆ. ನೀವು ಕೇಳಬೇಕಾದವರಲ್ವಾ?"

ಇವರು ಕೈಯಲ್ಲಿದ್ದ ಹಾಳೆಗಳನ್ನು ನೋಡಿದರು. ಜೇಬಿನಿಂದ ಪೆನ್ಸಿಲ್ ತೆಗೆದು ಮೊದಲನೆಯದರ ಮೇಲೆ ಉದ್ದಕ್ಕೂ ಗೆರೆ ಎಳೆದರು. ಆಮೇಲೆ ಎರಡನೆಯದರ ಮೇಲೆ. ಎಲ್ಲ ಮುಗಿದ ಮೇಲೆ ಪೀಠದಿಂದ ಇಳಿದು ಬಂದು ನಮ್ಮಿಬ್ಬರ ನಡುವೆ ಕೂತು, ತಾವೂ ಬಟಾಣಿ ಸುಲಿಯತೊಡಗಿದರು. ಸುಲಿಯುತ್ತ ನಾಲ್ಕು ಮಾತು ಹೇಳಿದರು. ಗಡಿಯಾರದಣ್ಣ ಒಂದನ್ನು ತೆಗೆಸಿದರು.

ಭಾನುವಾರದ ಪ್ರಸಂಗ ಹೆಚ್ಚೆಂದರೆ ಒಂದು ಹಿಡಿ ಬಟಾಣಿಯದು.

"ಎರಡು ವಾರದ ಹಿಂದೆ ಇಲ್ಲಿ ನಿಂತು ಒಂದು ಕಥೆ ಹೇಳಿ ನಿಮ್ಮನ್ನ ನಗಿಸಿದೆ. ಅದು ನನ್ನದಲ್ಲ. ನಂಬಿ ಹೇಳಿದವರನ್ನ ಒಂದು ಮಾತು ಕೇಳದೆ ಎತ್ತಿಕೊಂಡೆ. ತಪ್ಪು ಮಾಡಿದೆ. ಅವತ್ತಿಂದ ನೀವೆಲ್ಲ ನನ್ನ ಹತ್ರ ಹವಾಮಾನ ಮಾತಾಡ್ತಿದ್ದೀರಿ, ಅದು ನ್ಯಾಯವೇ. ಇನ್ನು ಈ ಪೀಠದಿಂದ ನಗೋದಿದ್ರೆ ನನ್ನ ನೋಡಿ ನಗೋಣ. ಕ್ಷಮಿಸಿ."

ನಾನು ಹಿಂದಿನಿಂದ ಒಂದೊಂದು ತಲೆಯನ್ನೂ ನೋಡುತ್ತಿದ್ದೆ. ಒಂದೂ ಮೂರನೇ ಬೆಂಚಿನ ಕಡೆ ತಿರುಗಲಿಲ್ಲ. ಎಲ್ಲರೂ ಇವರನ್ನೇ ನೋಡುತ್ತಿದ್ದರು. ಮದುವೆಯಾದಂದಿನಿಂದ ಈ ಮನುಷ್ಯನ ಮೇಲೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ಅದನ್ನು ಇವರಿಗೆ ಹೇಳಿಲ್ಲ, ಹೇಳಿದರೆ ತಲೆಗೇರುತ್ತದೆ.

ಆರಾಧನೆ ಮುಗಿದ ಮೇಲೆ ಗಡಿಯಾರದಣ್ಣ ಮುಂಬಾಗಿಲಿಗೇ ಬಂದು ಇವರ ಕೈ ಕುಲುಕಿದರು. "ಚಿಕ್ಕದಾಗಿ ಚೊಕ್ಕವಾಗಿತ್ತು. ಹೀಗೇ ಇರ್ಲಿ" ಎಂದು ಹೊರಟರು. ಗೇಟಿನ ಬಳಿ ಒಂದು ಕ್ಷಣ ನಿಂತು, ಎಣ್ಣೆ ಡಬ್ಬಿಯಿಂದ ಉಬ್ಬಿದ ಜೇಬಿನ ಮೇಲೆ ಕೈಯಾಡಿಸಿ, ಅಕ್ಕನ ಮನೆಯಿರುವ ನೇರ ದಾರಿಯಲ್ಲಿ ನಡೆದರು. ಇವರ ಕೈ ತಮ್ಮ ಜೇಬಿಗೆ ಹೋಗುವ ಮುಂಚೆ ನಾನು, "ರೀ, ಚೀಟಿ ತೆಗೀಬೇಡಿ" ಎಂದೆ.

ದಾದಿಯಮ್ಮ ಈಗ ತಾವೇ ನಮ್ಮ ಮನೆಗೆ ಬರುತ್ತಾರೆ, ಈರುಳ್ಳಿಯ ನೆಪವಿಲ್ಲದೆ. ಇವರ ಜೇಬಿನ ಚೀಟಿಗಳ ತುದಿಯಲ್ಲಿ ಈಗ 'ಕೇಳಿದೆ' ಅಥವಾ 'ಕೇಳಬೇಕು' ಎಂದು ಬರೆದಿರುತ್ತದೆ. ಹಾಗಿರುವಾಗ ನಾನು ಒಪ್ಪಿಗೆ ಕೇಳದೆ ಇದನ್ನೆಲ್ಲ ಬರೆಯುವುದುಂಟೇ? ಹೋದ ವಾರ ಗಡಿಯಾರದ ಅಂಗಡಿಗೆ ಹೋದೆ. ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತು ತಮ್ಮನ ಅಂಗಿಗೆ ಗುಂಡಿ ಹಾಕುತ್ತಿದ್ದರು. ವಿಷಯ ಹೇಳಿದೆ.

"ಬರೀರಿ ಅಮ್ಮಾವ್ರೇ, ಆದ್ರೆ ಸೈಕಲ್ಲು ಗೀಕಲ್ಲು ಬೇಡ" ಎಂದರು ಗಡಿಯಾರದಣ್ಣ. "ನಮ್ಮಮ್ಮನ ಹೊಲಿಗೆ ಯಂತ್ರ ಅದು. ಹೊಲಿಗೆ ಯಂತ್ರ ಅಂತಲೇ ಬರೀರಿ. ನಾನು ರಿಪೇರಿ ಕಲ್ತಿದ್ದೇ ಅದರ ಮೇಲೆ."

ಅಕ್ಕ ಹಲ್ಲಿನಿಂದ ದಾರ ಕಡಿದರು. "ಅದು ಯಾರಿಗೆ ಸೇರ್ಬೇಕು ಅಂತ ಮಾತ್ರ ಬರೀಬೇಡಿ. ವಾರವಾರ ಎಣ್ಣೆ ಬಿಡೋಕೆ ಬರ್ತಾನೆ, ವಾರವಾರ ಜಗಳ ಆಡ್ತೀವಿ. ಇನ್ನೂ ತೀರ್ಮಾನ ಆಗಿಲ್ಲ."